ಚೈನ್‌ಸಾದಿಂದ ಮರ ಕೆಡವುವ ತರಬೇತಿಗೆ ಹೋಗುವ ಮೊದಲು ಏನೇನು ಬರಬೇಕು?

ಮೂಡಿಗೆರೆ ತೋಟಗಾರ:

ನಮ್ಮ ತಂದೆಯವರು ಕಾಫಿಗೆ ನೆರಳಾಗಲೆಂದು ಬೆಳೆಸಿದ ಸಿಲ್ವರ್ ಓಕ್ ಮರಗಳಲ್ಲಿ ಸುಮಾರು 40 ಮರಗಳನ್ನು ಈ ಬೇಸಿಗೆಯಲ್ಲಿ ತೆಗೆಯಬೇಕಾಗಿದೆ. ಇದುವರೆಗೆ ಹೊರಗಿನ ತಂಡವನ್ನು ಕರೆಸುತ್ತಿದ್ದೆವು. ಕಳೆದ ವರ್ಷ ಅವರು ಕೆಡವಿದ ಒಂದು ಮರ ಹೇಳಿದ ಕಡೆ ಬೀಳದೆ ಅಡ್ಡ ತಿರುಗಿ, ಫಸಲು ಬರುವ ಹನ್ನೆರಡು ರೊಬಸ್ಟಾ ಗಿಡಗಳನ್ನು ನೆಲಕ್ಕೊರಗಿಸಿತು. ಹಗ್ಗ ಹಿಡಿದು ನಿಂತಿದ್ದವನು ಒಂದೇ ಮಾರು ಅಂತರದಲ್ಲಿ ಉಳಿದುಕೊಂಡ. ಅಂದಿನಿಂದ ನಮ್ಮ ತೋಟದ ಇಬ್ಬರು ಹುಡುಗರಿಗೇ, ಒಬ್ಬನಿಗೆ 22, ಇನ್ನೊಬ್ಬನಿಗೆ 26 ವರ್ಷ, ಸರಿಯಾದ ತರಬೇತಿ ಕೊಡಿಸಬೇಕೆಂದು ತೀರ್ಮಾನಿಸಿದ್ದೇನೆ.

ತರಬೇತಿ ಕೊಡುವವರಿಗೆ ಫೋನ್ ಮಾಡಿದಾಗ, ಹುಡುಗರು ಗಟ್ಟಿಮುಟ್ಟಾಗಿದ್ದಾರೆಯೇ ಎಂದು ಅವರು ಕೇಳಲಿಲ್ಲ. ಅವರ ಮೊದಲ ಪ್ರಶ್ನೆ, "ಚೈನಿಗೆ ಅರ ಹಾಕಲು ಬರುತ್ತದೆಯೇ?" ಎಂಬುದಾಗಿತ್ತು. ಬರುವುದಿಲ್ಲ ಎಂದೆ. ಹಾಗಾದರೆ ಇನ್ನೊಂದು ತಿಂಗಳು ಬಿಟ್ಟು ಕಳುಹಿಸಿ ಎಂದರು. ಮರ ಕೆಡವುವುದನ್ನು ಕಲಿಸಿರೆಂದರೆ ಅರದ ವಿಷಯ ಏಕೆ ಬಂತು ಎಂಬುದು ನನಗೆ ಅರ್ಥವಾಗಲಿಲ್ಲ. ಈ ಒಂದು ತಿಂಗಳಲ್ಲಿ ಅವರಿಗೆ ಮನೆಯಲ್ಲಿಯೇ ಏನೇನು ಕಲಿಸಬಹುದು ಎಂಬುದನ್ನು ತಿಳಿದವರು ವಿವರವಾಗಿ ಬರೆದರೆ ಉಪಕಾರವಾಗುತ್ತದೆ.

ಗರಗಸದ ಹಲ್ಲು:

ನಿಮಗೆ ಆ ಪ್ರಶ್ನೆ ಕೇಳಿದವರ ಬಳಿಗೇ ಹುಡುಗರನ್ನು ಕಳುಹಿಸಿ. ಅವರು ಕೆಲಸ ಬಲ್ಲವರು. ನಾನು ಹದಿನಾರು ವರ್ಷಗಳಿಂದ ಕೊಡಗಿನ ತೋಟಗಳಲ್ಲಿ ಮರಗಸಿ (ನೆರಳು ಮರಗಳ ಕೊಂಬೆ ಸವರುವುದು) ಮತ್ತು ಮರ ತೆಗೆಯುವ ಕೆಲಸ ಮಾಡಿಸುತ್ತಿದ್ದೇನೆ. ಮೊಂಡು ಚೈನು ಹಾಕಿದ ಮೆಷಿನ್ ಹಿಡಿದು ಮರದ ಬುಡಕ್ಕೆ ಹೋದವನು ಅಲ್ಲಿ ಮರವನ್ನು ನೋಡುವುದಿಲ್ಲ, ಮೆಷಿನ್ನಿನೊಡನೆ ಗುದ್ದಾಡುತ್ತಿರುತ್ತಾನೆ. ಹರಿತವಾದ ಚೈನು ತನ್ನ ಭಾರಕ್ಕೇ ಮರದೊಳಗೆ ಇಳಿಯುತ್ತದೆ ಮತ್ತು ಅದು ಉಗುಳುವ ಪುಡಿ ಅವಲಕ್ಕಿಯಂತೆ ಚಕ್ಕೆಚಕ್ಕೆಯಾಗಿರುತ್ತದೆ. ಹಿಟ್ಟಿನಂಥ ಪುಡಿ ಉದುರತೊಡಗಿದರೆ ಚೈನು ಮೊಂಡಾಗಿದೆ ಎಂದು ತಿಳಿಯಬೇಕು. ಆಗ ಕೊಯ್ಯುವವನು ಮೆಷಿನ್ನನ್ನು ಒತ್ತತೊಡಗುತ್ತಾನೆ, ಒತ್ತಿದಷ್ಟೂ ಅವನ ಮೈ ಮುಂದಕ್ಕೆ ವಾಲುತ್ತದೆ, ಕೊಯ್ತ ಮುಗಿದ ಕ್ಷಣದಲ್ಲಿ ಮೆಷಿನ್ ಜಾರಿ ಸೀದಾ ತೊಡೆಯ ಕಡೆಗೋ ಮೊಣಕಾಲಿನ ಕಡೆಗೋ ಬರುತ್ತದೆ.

ಆದ್ದರಿಂದ ಮೊದಲ ಎರಡು ವಾರ ಅರದ ಕೆಲಸವನ್ನೇ ಮಾಡಿಸಿ. ಚೈನಿನ ಅಳತೆಗೆ ತಕ್ಕ ದುಂಡು ಅರ ಬೇಕು. 0.325 ಇಂಚಿನ ಚೈನಿಗೆ 4.8 ಮಿಲಿಮೀಟರಿನದು, ಚಿಕ್ಕ ಮೆಷಿನ್‌ಗಳಲ್ಲಿ ಬರುವ ತಗ್ಗು ಬೆನ್ನಿನ 3/8 ಇಂಚಿನ ಚೈನಿಗೆ 4 ಮಿಲಿಮೀಟರಿನದು ಹೊಂದುತ್ತದೆ. ಕೋನ ಸಾಮಾನ್ಯವಾಗಿ 30 ಡಿಗ್ರಿ ಇರುತ್ತದೆ. ಹೆಚ್ಚಿನ ಚೈನುಗಳ ಹಲ್ಲಿನ ಬೆನ್ನಿನ ಮೇಲೆಯೇ ಅದರ ಗೆರೆ ಇರುವುದರಿಂದ ಲೆಕ್ಕ ಹಾಕಬೇಕಾಗಿಲ್ಲ. ಅರವನ್ನು ಒಳಗಿನಿಂದ ಹೊರಗೆ, ಒಂದೇ ದಿಕ್ಕಿಗೆ ತಳ್ಳಬೇಕು. ಗರಗಸ ಎಳೆದಂತೆ ಹಿಂದೆ ಮುಂದೆ ಉಜ್ಜಬಾರದು. ಪ್ರತಿ ಹಲ್ಲಿಗೂ ಎಣಿಸಿ ಅಷ್ಟೇ ಸಲ ಹಾಕಬೇಕು. ಬಲಗೈಯವರಿಗೆ ಒಂದು ಬದಿಯ ಹಲ್ಲುಗಳ ಮೇಲೆ ಅರಿವಿಲ್ಲದೆಯೇ ಜೋರು ಬೀಳುತ್ತದೆ, ಹಾಗಾಗಿ ಎರಡು ಬದಿಯ ಹಲ್ಲುಗಳ ಉದ್ದ ಬೇರೆಯಾಗುತ್ತದೆ, ಕೊನೆಗೆ ಮೆಷಿನ್ ನೇರವಾಗಿ ಕೊಯ್ಯದೆ ಬಾಳೆಹಣ್ಣಿನಂತೆ ಬಾಗಿ ಕೊಯ್ಯುತ್ತದೆ. ಮರ ಕೆಡವುವಾಗ ಕೊಯ್ತ ಎರಡು ಬೆರಳು ಬಾಗಿದರೆ ಏನಾಗುತ್ತದೆ ಎಂಬುದನ್ನು ನಿಮ್ಮ ಹನ್ನೆರಡು ಗಿಡಗಳು ಹೇಳಬಲ್ಲವು. ಹಲ್ಲಿನ ಮುಂದಿರುವ ಗೂಟದಂಥ ಭಾಗವನ್ನೂ ಆಗಾಗ ಚಪ್ಪಟೆ ಅರದಿಂದ ತಗ್ಗಿಸಬೇಕು. ಅದು ಹಲ್ಲಿಗಿಂತ ಸುಮಾರು 0.65 ಮಿಲಿಮೀಟರ್ ಕೆಳಗಿದ್ದರೆ ಸಾಕು. ಕೊಯ್ತ ಚುರುಕಾಗಲಿ ಎಂದು ಅದನ್ನು ತೀರಾ ತಗ್ಗಿಸುವವರಿದ್ದಾರೆ, ಅಂಥ ಚೈನು ಮರವನ್ನು ಕಚ್ಚಿಕೊಂಡು ಎಗರುತ್ತದೆ.

ಇದರ ಜೊತೆಗೆ ದಿನವೂ ಮೆಷಿನ್ ನೋಡಿಕೊಳ್ಳುವ ಅಭ್ಯಾಸವಾಗಲಿ. ಚೈನಿನ ಬಿಗಿ ಎಷ್ಟಿದೆ, ಏರ್ ಫಿಲ್ಟರ್ ಶುಚಿಯಾಗಿದೆಯೇ, ಚೈನು ಓಡುವ ಉದ್ದನೆಯ ಪಟ್ಟಿಗೆ, ಅಂದರೆ ಬಾರಿಗೆ ಎಣ್ಣೆ ಬರುತ್ತಿದೆಯೇ, ತುಂಡಾದ ಚೈನನ್ನು ತಡೆಯುವ ಕೊಕ್ಕೆ ಮುರಿದಿಲ್ಲವೇ, ಹ್ಯಾಂಡಲಿನ ಕಂಪನ ತಡೆಯುವ ರಬ್ಬರ್ ಹರಿದಿಲ್ಲವೇ ಎಂದು ಕೆಲಸಕ್ಕೆ ಮುನ್ನ ನೋಡಬೇಕು. ಬಾರಿನ ಮೂತಿಯನ್ನು ಒಣಗಿದ ಮರದ ಬೊಡ್ಡೆಯ ಹತ್ತಿರ ಹಿಡಿದು ಆಕ್ಸಿಲರೇಟರ್ ಕೊಟ್ಟರೆ ಎಣ್ಣೆಯ ಸಣ್ಣ ಗೆರೆ ಮೂಡಬೇಕು. ಚೈನ್ ಬ್ರೇಕ್ ಹಾಕಿದ ಕೂಡಲೇ ಚೈನು ನಿಲ್ಲಬೇಕು. ಇದಕ್ಕೆಲ್ಲ ಹತ್ತು ನಿಮಿಷವೂ ಬೇಡ. ಪೆಟ್ರೋಲಿಗೆ ಎಣ್ಣೆ ಬೆರೆಸುವುದು ಮೆಷಿನ್ ಕಂಪನಿಯ ಕೈಪಿಡಿಯಂತೆಯೇ ಆಗಬೇಕು. 50ಕ್ಕೆ 1 ಎಂದಿದ್ದರೆ ಲೀಟರಿಗೆ 20 ಮಿಲಿಲೀಟರ್, ಅಳತೆ ಮಾಡಿ, ಕಣ್ಣಂದಾಜಿನಲ್ಲಿ ಅಲ್ಲ.

ಹಳೇ ಕೊಡಲಿ:

ಮೇಲಿನವರ ಮಾತನ್ನು ಗೌರವದಿಂದಲೇ ಓದಿದೆ, ಆದರೂ ನನಗೊಂದು ತಕರಾರು ಇದೆ. ಸಕಲೇಶಪುರದ ಕಡೆ ನಮ್ಮ ಕಾಲದಲ್ಲಿ ಮೆಷಿನ್ ಎಂಬುದೇ ಇರಲಿಲ್ಲ. ಮರ ಬೀಳಬೇಕಾದ ಬದಿಗೆ ಕೊಡಲಿಯಲ್ಲಿ ಕಚ್ಚು ಹಾಕಿ, ಇಬ್ಬರು ಎಳೆಯುವ ಗರಗಸದಲ್ಲಿ ಕೊಯ್ದು, ಬೆಣೆ ಹೊಡೆದು ಎಂತೆಂಥ ಮರಗಳನ್ನು ಇಳಿಸಿದ್ದೇವೆ. ಮೊದಲು ಬರಬೇಕಾದದ್ದು ಮರ ನೋಡುವ ಕಣ್ಣು. ಮೆಷಿನ್ನಿಗೆ ಅರ ಹಾಕುವುದನ್ನು ಪೇಟೆಯ ಅಂಗಡಿಯಲ್ಲಿ ಕುಳಿತ ಹುಡುಗನೂ ನೂರು ಇನ್ನೂರು ರೂಪಾಯಿಗೆ ಮಾಡಿಕೊಡುತ್ತಾನೆ. ಅವನು ಮರ ಕೆಡವಬಲ್ಲನೇ? ಆ ಹುಡುಗರನ್ನು ಒಂದು ವರ್ಷ ಹಳೆಯ ಮೇಸ್ತ್ರಿಯೊಬ್ಬರ ಹಿಂದೆ ಸುತ್ತಲು ಬಿಡಿ, ಉಳಿದದ್ದು ತಾನಾಗಿ ಬರುತ್ತದೆ.

ಗರಗಸದ ಹಲ್ಲು:

ಹಿರಿಯರೇ, ಮರ ನೋಡುವ ಕಣ್ಣಿನ ವಿಷಯದಲ್ಲಿ ನಮ್ಮಿಬ್ಬರಿಗೂ ಭಿನ್ನಾಭಿಪ್ರಾಯವಿಲ್ಲ. ಆದರೆ ಕೊಡಲಿಗೂ ಮೆಷಿನ್ನಿಗೂ ಒಂದು ದೊಡ್ಡ ವ್ಯತ್ಯಾಸವಿದೆ. ಇಬ್ಬರು ಎಳೆಯುವ ಗರಗಸದಲ್ಲಿ ತಪ್ಪಾಗುತ್ತಿದೆ ಎಂದು ಗೊತ್ತಾದರೆ ನಿಲ್ಲಿಸಿ, ಬೆವರೊರೆಸಿಕೊಂಡು, ಮರವನ್ನು ಮತ್ತೊಮ್ಮೆ ಸುತ್ತಿ ನೋಡಲು ಸಮಯವಿತ್ತು. ಮೆಷಿನ್ನಿನ ಚೈನು ಪೂರ್ಣ ವೇಗದಲ್ಲಿ ಸೆಕೆಂಡಿಗೆ 20 ಮೀಟರಿಗೂ ಹೆಚ್ಚು ಓಡುತ್ತದೆ. ಒಂದು ಅಡಿ ದಪ್ಪದ ಮರದಲ್ಲಿ ಮರ ದಿಕ್ಕು ತಪ್ಪದಂತೆ ಹಿಡಿಯಲು ಕಚ್ಚಿನ ಹಿಂದೆ ಕೊಯ್ಯದೆ ಬಿಡಬೇಕಾದ ಮೂರು ಸೆಂಟಿಮೀಟರ್ ಕೀಲನ್ನು ಅದು ಕಣ್ಣು ಮಿಟುಕಿಸುವುದರೊಳಗೆ ದಾಟಿಬಿಡುತ್ತದೆ. ಮೇಸ್ತ್ರಿಯ ಹಿಂದೆ ಒಂದು ವರ್ಷ ಸುತ್ತಿದವನು ಮೇಸ್ತ್ರಿಯ ವಿದ್ಯೆಯನ್ನೂ ಕಲಿಯುತ್ತಾನೆ, ಅವರ ಕೆಟ್ಟ ಅಭ್ಯಾಸಗಳನ್ನೂ ಕಲಿಯುತ್ತಾನೆ. ಎಡಗೈಯಲ್ಲಿ ಮೆಷಿನ್ ತೂಗಾಡಿಸಿ ಬಲಗೈಯಲ್ಲಿ ಹಗ್ಗ ಎಳೆದು ಸ್ಟಾರ್ಟ್ ಮಾಡುವ ಶೈಲಿಯನ್ನು ನಮ್ಮ ಕಡೆ ಯಾರೂ ಶಾಲೆಯಲ್ಲಿ ಕಲಿತದ್ದಲ್ಲ. ಮೆಷಿನ್ನನ್ನು ನೆಲಕ್ಕಿಟ್ಟು, ಹಿಂದಿನ ಹ್ಯಾಂಡಲಿನೊಳಗೆ ಬಲಗಾಲಿನ ಬೂಟಿನ ತುದಿ ಇಟ್ಟು, ಚೈನ್ ಬ್ರೇಕ್ ಹಾಕಿಯೇ ಸ್ಟಾರ್ಟ್ ಮಾಡುವುದು ಮೊದಲ ದಿನದಿಂದಲೇ ಮೈಗೂಡಬೇಕು.

ತೋಟಗಾರರೇ, ಅರದ ಕೆಲಸ ಬಂದ ಮೇಲೆ ಎರಡನೆಯ ಹೆಜ್ಜೆ ನೆಲದ ಮೇಲಿನ ಮರವನ್ನು ತುಂಡು ಮಾಡುವುದು. ಇದನ್ನು ಕೀಳಾಗಿ ನೋಡುವವರೇ ಹೆಚ್ಚು. ಎರಡು ಆಸರೆಗಳ ಮೇಲೆ ಮಲಗಿರುವ ದಿಮ್ಮಿಯನ್ನು ನಡುವೆ ಮೇಲಿನಿಂದ ಕೊಯ್ದರೆ ದಿಮ್ಮಿ ಕುಸಿದು ಕೊಯ್ತದ ಬಾಯಿ ಮುಚ್ಚಿಕೊಳ್ಳುತ್ತದೆ, ಬಾರ್ ಸಿಕ್ಕಿಕೊಳ್ಳುತ್ತದೆ. ಅಲ್ಲಿ ಮೇಲ್ಭಾಗ ಒತ್ತಿನಲ್ಲಿದೆ, ಕೆಳಭಾಗ ಸೆಳೆತದಲ್ಲಿದೆ. ತುದಿ ಗಾಳಿಯಲ್ಲಿ ಚಾಚಿಕೊಂಡ ದಿಮ್ಮಿಯಲ್ಲಿ ಇದು ತಿರುಗುಮುರುಗು. ಒತ್ತಿನಲ್ಲಿರುವ ಕಡೆ ಮೊದಲು ಸ್ವಲ್ಪ ಕೊಯ್ದು, ಬಳಿಕ ಸೆಳೆತದ ಕಡೆಯಿಂದ ಮುಗಿಸಬೇಕು. ಹುಡುಗನೊಬ್ಬ ದಿಮ್ಮಿಯನ್ನು ನೋಡಿ, ಮೆಷಿನ್ ಮುಟ್ಟುವ ಮೊದಲೇ, ಎಲ್ಲಿ ಒತ್ತು ಎಲ್ಲಿ ಸೆಳೆತ ಎಂದು ಸುಣ್ಣದಲ್ಲಿ ಗುರುತು ಹಾಕಿ ತೋರಿಸುವಂತಾಗಬೇಕು. ಹತ್ತಕ್ಕೆ ಹತ್ತು ಸರಿಯಾಗುವವರೆಗೆ ನಾನು ಯಾರನ್ನೂ ನಿಂತ ಮರದ ಹತ್ತಿರ ಬಿಡುವುದಿಲ್ಲ. ನಿಂತ ಮರವೂ ಇದೇ ಒತ್ತು ಸೆಳೆತಗಳ ಲೆಕ್ಕವೇ ಆಗಿದ್ದು, ಅಲ್ಲಿ ತಪ್ಪಿದರೆ ಬಾರ್ ಸಿಕ್ಕಿಕೊಳ್ಳುವುದಕ್ಕೆ ಮುಗಿಯುವುದಿಲ್ಲ.

ಬಾರಿನ ಮೂತಿಯ ಮೇಲಿನ ಕಾಲು ಭಾಗ ಏನನ್ನೂ ತಾಗಬಾರದು ಎಂಬುದೂ ಈ ಹಂತದಲ್ಲಿಯೇ ಮನಸ್ಸಿಗೆ ಇಳಿಯಬೇಕು. ದಿಮ್ಮಿಯ ಹಿಂದೆ ಅಡಗಿದ ಇನ್ನೊಂದು ಕೊಂಬೆಗೆ ಆ ಭಾಗ ತಾಗಿದರೆ ಮೆಷಿನ್ ಕೊಯ್ಯುವವನ ಮುಖದ ಕಡೆಗೆ ಎಗರುತ್ತದೆ, ತಪ್ಪಿಸಿಕೊಳ್ಳುವಷ್ಟು ಸಮಯ ಯಾರಿಗೂ ಇರುವುದಿಲ್ಲ. ಎಡಗೈ ಹೆಬ್ಬೆರಳು ಮುಂದಿನ ಹ್ಯಾಂಡಲನ್ನು ಸುತ್ತಿ ಹಿಡಿದಿರಬೇಕು, ತಲೆ ಬಾರಿನ ನೇರಕ್ಕೆ ಇರಬಾರದು, ಭುಜಕ್ಕಿಂತ ಮೇಲೆ ಕೊಯ್ಯಬಾರದು. ಏಣಿ ಹತ್ತಿ ಕೊಯ್ಯುವ ಮಾತಂತೂ ಬೇಡ.

ಡೆವನ್ ಕನ್ನಡಿಗ:

ನಾನು ಇಂಗ್ಲೆಂಡಿನ ನೈಋತ್ಯ ಭಾಗದಲ್ಲಿ ಮರಗಳ ಕೆಲಸ ಮಾಡುತ್ತೇನೆ. ಊರು ಶೃಂಗೇರಿಯ ಹತ್ತಿರ. ಗರಗಸದ ಹಲ್ಲು ಅವರು ಅನುಭವದಿಂದ ಹೇಳಿದ ಕ್ರಮವನ್ನೇ ಇಲ್ಲಿ ಪರೀಕ್ಷೆಯ ಕ್ರಮವಾಗಿ ಇಟ್ಟಿದ್ದಾರೆ. ಮೊದಲ ಪರೀಕ್ಷೆ ಚೈನ್‌ಸಾ ನಿರ್ವಹಣೆ ಮತ್ತು ನೆಲದ ಮೇಲಿನ ಮರ ತುಂಡರಿಸುವುದು. ಅದರಲ್ಲಿ ತೇರ್ಗಡೆಯಾದ ಮೇಲೆಯೇ 380 ಮಿಲಿಮೀಟರ್ ದಪ್ಪದವರೆಗಿನ ಮರಗಳನ್ನು ಕೆಡವುವ ಪರೀಕ್ಷೆಗೆ ಕೂರಬಹುದು. ಅದಕ್ಕಿಂತ ದಪ್ಪ ಮರಗಳಿಗೆ ಮತ್ತೊಂದು ಹಂತ ಇದೆ. ಇವಕ್ಕೆ ಹಿಂದೆ ಸಿಎಸ್ 30, ಸಿಎಸ್ 31, ಸಿಎಸ್ 32 ಎಂಬ ಹೆಸರುಗಳಿದ್ದವು, ಹಳಬರು ಈಗಲೂ ಹಾಗೆಯೇ ಕರೆಯುತ್ತಾರೆ.

ಮೊದಲ ಪರೀಕ್ಷೆಯ ದಿನ ನನಗೆ ಆದದ್ದನ್ನು ಹೇಳುತ್ತೇನೆ. ಊರಿನಲ್ಲಿ ನಾಲ್ಕು ವರ್ಷ ಮೆಷಿನ್ ಹಿಡಿದಿದ್ದ ಧೈರ್ಯದಲ್ಲಿ ಹೋಗಿದ್ದೆ. ಪರೀಕ್ಷಕರು ಮೆಷಿನ್ನನ್ನು ಬೆಂಚಿನ ಮೇಲಿಟ್ಟು, ಇದರಲ್ಲಿರುವ ಸುರಕ್ಷತೆಯ ಭಾಗಗಳನ್ನೆಲ್ಲ ಮುಟ್ಟಿ ತೋರಿಸಿ, ಪ್ರತಿಯೊಂದೂ ಏನು ಮಾಡುತ್ತದೆ ಎಂದು ಹೇಳಿ ಎಂದರು. ಬ್ರೇಕ್ ಮತ್ತು ಆಕ್ಸಿಲರೇಟರ್ ಲಾಕ್ ಹೇಳಿ ಮುಗಿಸಿದೆ. ಬಲಗೈಯ ಹಿಂದಿನ ಹ್ಯಾಂಡಲಿನ ಕೆಳಗೆ ಅಗಲವಾದ ತಟ್ಟೆಯಂತಿರುವುದು ತುಂಡಾದ ಚೈನು ಬೆರಳಿಗೆ ಬಡಿಯದಿರಲೆಂದು ಇಟ್ಟದ್ದು ಎಂಬುದು ನಾಲ್ಕು ವರ್ಷದಲ್ಲಿ ನನಗೆ ಹೊಳೆದೇ ಇರಲಿಲ್ಲ. ಬೂಟಿನ ತುದಿ ಇಡಲು ಅನುಕೂಲವಾಗಲೆಂದು ಅಗಲ ಮಾಡಿದ್ದಾರೆ ಅಂದುಕೊಂಡಿದ್ದೆ!

ಇನ್ನೊಂದು ಮಾತು. ಪ್ರಥಮ ಚಿಕಿತ್ಸೆಯನ್ನು ನಿಮ್ಮ ಒಂದು ತಿಂಗಳಿನೊಳಗೆ ಖಂಡಿತ ಸೇರಿಸಿ. ಚೈನಿನ ಗಾಯ ಕತ್ತಿಯ ಗಾಯದಂತಲ್ಲ, ಮಾಂಸವನ್ನು ಹರಿದು ತೆಗೆದಿರುತ್ತದೆ. ಮೂಡಿಗೆರೆಯ ಒಳತೋಟದಿಂದ ಆಸ್ಪತ್ರೆಗೆ ಮುಟ್ಟುವಷ್ಟರಲ್ಲಿ ಎಷ್ಟು ಹೊತ್ತಾಗುತ್ತದೆ ಎಂದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಗಾಯಕ್ಕೆ ನೇರವಾಗಿ ಬಟ್ಟೆ ತುರುಕಿ ಬಲವಾಗಿ ಒತ್ತಿ ಹಿಡಿಯುವುದು, ರಕ್ತ ನಿಲ್ಲದಿದ್ದರೆ ಕೈಕಾಲಿಗೆ ಗಾಯದ ಮೇಲ್ಭಾಗದಲ್ಲಿ ಬಿಗಿಪಟ್ಟಿ ಕಟ್ಟುವುದು, ಕಟ್ಟಿದ ಸಮಯವನ್ನು ಬರೆದಿಡುವುದು ಇಬ್ಬರಿಗೂ ಬರಬೇಕು. ಗಾಯವಾದವನಿಗೆ ಬಂದರೆ ಸಾಲದು, ಜೊತೆಗಿರುವವನಿಗೆ ಬರಬೇಕಲ್ಲವೇ? ಅದೇ ಕಾರಣಕ್ಕೆ ಮೆಷಿನ್ನಿನ ಕೆಲಸಕ್ಕೆ ಒಬ್ಬನೇ ಹೋಗಬಾರದು.

ಮೆಣಸಿನ ಬಳ್ಳಿ:

ಕಳಸದ ಹತ್ತಿರ ನಮ್ಮ ಸಣ್ಣ ತೋಟವನ್ನು ನಾನೇ ನೋಡಿಕೊಳ್ಳುತ್ತಿದ್ದೇನೆ. ಎರಡು ಸಂಶಯಗಳಿವೆ. ಈ ಕೆಲಸಕ್ಕೆ ತೋಳ್ಬಲ ಎಷ್ಟರಮಟ್ಟಿಗೆ ಬೇಕು? ಗಾಳಿಮಳೆಗೆ ದಾರಿಗೆ ಅಡ್ಡ ಬಿದ್ದ ಮರಗಳನ್ನಾದರೂ ನಾನೇ ತುಂಡು ಮಾಡಬೇಕೆಂಬ ಆಸೆ ಇದೆ. ಎರಡನೆಯದು, ಚೈನ್‌ಸಾ ಪ್ಯಾಂಟಿನ ಬೆಲೆ ಕೇಳಿದರೆ ಎದೆ ಝಲ್ಲೆನ್ನುತ್ತದೆ, ನಮ್ಮ ಕೆಲಸದವರು ಸೆಕೆಯೆಂದು ಅದನ್ನು ಮುಟ್ಟುವುದೂ ಇಲ್ಲ. ಅದು ನಿಜವಾಗಿ ಬೇಕೇ?

ಗರಗಸದ ಹಲ್ಲು:

ಮೇಡಂ, ಹರಿತವಾದ ಚೈನಿದ್ದರೆ ತೋಳ್ಬಲಕ್ಕಿಂತ ನಿಲ್ಲುವ ರೀತಿ ಮುಖ್ಯ. ಐದು ಆರು ಕಿಲೋ ತೂಕದ ಮೆಷಿನ್ನನ್ನು ಮೈಗೆ ಹತ್ತಿರ ಹಿಡಿದು, ಮೊಣಕಾಲು ಮಡಿಸಿ, ದಿಮ್ಮಿಯ ಮೇಲೆಯೇ ಅದರ ಭಾರ ಬಿಟ್ಟು ಕೊಯ್ಯಬಲ್ಲವರು ಯಾರಾದರೂ ಕಲಿಯಬಹುದು. ಬಲ ಹೆಚ್ಚಿರುವವರೇ ಮೊಂಡು ಚೈನಿನಲ್ಲಿ ಕೆಲಸ ಮುಂದುವರಿಸುವುದನ್ನು ಹೆಚ್ಚಾಗಿ ನೋಡಿದ್ದೇನೆ.

ಆದರೆ ಗಾಳಿಗೆ ಬಿದ್ದ ಮರದಿಂದ ಆರಂಭಿಸುವ ಯೋಚನೆಯನ್ನು ದಯವಿಟ್ಟು ಕೈಬಿಡಿ. ಬಿದ್ದಾಯಿತಲ್ಲ, ಇನ್ನೇನು ಅಪಾಯ ಎಂದು ಎಲ್ಲರಿಗೂ ಅನ್ನಿಸುತ್ತದೆ. ಬೇರು ಸಹಿತ ಮಗುಚಿದ ಮರದಲ್ಲಿ ಮಣ್ಣು ಹೊತ್ತ ಬೇರಿನ ಗೋಡೆ ಎದ್ದು ನಿಂತಿರುತ್ತದೆ, ಕಾಂಡದ ಭಾರವೇ ಅದನ್ನು ಹಿಡಿದಿಟ್ಟಿರುತ್ತದೆ. ಕಾಂಡವನ್ನು ಕೊಯ್ದ ಗಳಿಗೆಯಲ್ಲಿ ಆ ಗೋಡೆ ಬುಡದ ತುಂಡಿನೊಡನೆ ತನ್ನ ಗುಂಡಿಗೆ ಮರಳಿ ಕೂರಬಹುದು, ಇಲ್ಲವೇ ಮುಂದಕ್ಕೆ ಮಗುಚಬಹುದು. ಬಾಗಿ ಸಿಕ್ಕಿಕೊಂಡ ಕೊಂಬೆಗಳು ಬಿಲ್ಲಿನಂತೆ ಚಿಮ್ಮುತ್ತವೆ. ಜುಲೈ ತಿಂಗಳ ಮಳೆಯಲ್ಲಿ, ಜಾರುವ ನೆಲದಲ್ಲಿ, ದಾರಿ ತೆರೆಯಬೇಕೆಂಬ ಅವಸರದಲ್ಲಿ ಮಾಡುವ ಆ ಕೆಲಸ ಅನುಭವಿಗಳದು. ಅದರಲ್ಲಿ ಕರೆಂಟಿನ ತಂತಿ ಸಿಕ್ಕಿಕೊಂಡಿದ್ದರೆ ಲೈನ್‌ಮನ್ ಬಂದು ಲೈನ್ ಬಂದ್ ಮಾಡಿದ್ದೇನೆ ಎನ್ನುವವರೆಗೆ ಅನುಭವಿಗಳೂ ಹತ್ತಿರ ಹೋಗಬಾರದು. ನೀವು ಬೇಸಿಗೆಯಲ್ಲಿ, ಸಮತಟ್ಟಾದ ಜಾಗದಲ್ಲಿ ಸೌದೆ ಕೊಯ್ಯುವುದರಿಂದ ಆರಂಭಿಸಿ.

ಪ್ಯಾಂಟಿನ ವಿಷಯ. ಅದರ ಒಳಗಿರುವ ಉದ್ದನೆಯ ಎಳೆಗಳನ್ನು ಚೈನು ಎಳೆದುಕೊಂಡು ತನ್ನ ಹಲ್ಲಿನ ಚಕ್ರಕ್ಕೆ ಸುತ್ತಿಕೊಂಡು ನಿಂತುಬಿಡುತ್ತದೆ. ಅದರ ಮೇಲೆ ಕ್ಲಾಸ್ 1 ಎಂದಿದ್ದರೆ ಸೆಕೆಂಡಿಗೆ 20 ಮೀಟರ್ ವೇಗದ ಚೈನಿಗೆ ಅದನ್ನು ಪರೀಕ್ಷಿಸಲಾಗಿದೆ ಎಂದರ್ಥ. ಪೂರ್ತಿ ಪ್ಯಾಂಟಿನ ಬದಲು ಮುಂಭಾಗಕ್ಕೆ ಕಟ್ಟಿಕೊಳ್ಳುವ ಚಾಪ್ಸ್ ಸಿಗುತ್ತವೆ, ಸೆಕೆಯೂ ಕಡಿಮೆ, ಬೆಲೆಯೂ ಕಡಿಮೆ. ನಮ್ಮ ಹವೆಗೆ ನಾನು ಅದನ್ನೇ ಕೊಡಿಸುತ್ತೇನೆ. ಕಾಲಿನ ರಕ್ಷಣೆ, ಮುಖಪರದೆಯ ಹೆಲ್ಮೆಟ್, ಕಿವಿಮುಚ್ಚುಗೆ, ಗಟ್ಟಿ ಬೂಟು ಇಲ್ಲದೆ ನನ್ನಲ್ಲಿ ಮೆಷಿನ್ ಸ್ಟಾರ್ಟ್ ಆಗುವುದಿಲ್ಲ. ಮೆಷಿನ್ನಿನ ಸದ್ದು 100 ಡೆಸಿಬಲ್ ದಾಟುತ್ತದೆ. ನನ್ನ ಎಡಗಿವಿ ಈಗಾಗಲೇ ಅರ್ಧ ಹೋಗಿದೆ, ಮೊದಲ ಐದು ವರ್ಷ ಕಿವಿಗೆ ಹತ್ತಿ ತುರುಕಿಕೊಂಡೇ ಕೆಲಸ ಮಾಡಿದೆ.

ಹಳೇ ಕೊಡಲಿ:

ಅರದ ವಿಷಯದಲ್ಲಿ ನನ್ನ ಪಟ್ಟು ಸಡಿಲಿಸಿದ್ದೇನೆ. ಈಗ ಮರ ನೋಡುವ ಕಣ್ಣಿನ ಬಗ್ಗೆ ನನಗೆ ತಿಳಿದದ್ದನ್ನು ಬರೆಯುತ್ತೇನೆ, ಮೆಷಿನ್ ಇಲ್ಲದೆಯೇ ಇದನ್ನು ಕಲಿಯಬಹುದು.

ತೋಟಗಾರರೇ, ನಿಮ್ಮ 40 ಮರಗಳ ಹತ್ತಿರ ಹುಡುಗರನ್ನು ಬರಿಗೈಯಲ್ಲಿ ಕರೆದುಕೊಂಡು ಹೋಗಿ. ಮರಕ್ಕೆ ಒಂದು ಸುತ್ತು ದೂರದಿಂದ, ಒಂದು ಸುತ್ತು ಹತ್ತಿರದಿಂದ ಹಾಕಬೇಕು. ದೂರದಿಂದ ನೋಡಿದಾಗ ಕಾಂಡ ಯಾವ ಕಡೆಗೆ ವಾಲಿದೆ, ಕೊಂಬೆಗಳ ಭಾರ ಯಾವ ಕಡೆಗಿದೆ ಎಂದು ಕಾಣುತ್ತದೆ. ವರ್ಷ ವರ್ಷ ಮರಗಸಿ ಮಾಡಿಸಿಕೊಂಡ ಸಿಲ್ವರ್ ಓಕಿನಲ್ಲಿ ಕೊಂಬೆಗಳು ಒಂದೇ ಬದಿಗೆ ಉಳಿದಿದ್ದರೆ, ಕಾಂಡ ನೆಟ್ಟಗಿದ್ದರೂ ಮರ ಆ ಬದಿಗೇ ಎಳೆಯುತ್ತದೆ. ಹತ್ತಿರದಿಂದ ನೋಡುವಾಗ ಬುಡಕ್ಕೆ ಕೊಡಲಿಯ ಹಿಂಬದಿಯಿಂದ ಬಡಿದು ಕಿವಿಗೊಡಬೇಕು, ಪೊಟರೆಯಾದ ಮರದ ಸದ್ದೇ ಬೇರೆ. ನೆತ್ತಿಯಲ್ಲಿ ಒಣಗಿದ ಕೊಂಬೆ ಇದೆಯೇ ನೋಡಬೇಕು, ಮೆಷಿನ್ನಿನ ನಡುಕಕ್ಕೇ ಅದು ಕಳಚಿ ಬೀಳುತ್ತದೆ. ಮೆಣಸಿನ ಬಳ್ಳಿಯನ್ನು ಮೊದಲೇ ಬಿಡಿಸಬೇಕು. ಪಕ್ಕದ ಮರಕ್ಕೆ ಹಬ್ಬಿದ ಕಾಡುಬಳ್ಳಿಯನ್ನು ನೋಡದೆ ಕೊಯ್ದರೆ ಬೀಳುವ ಮರ ಆ ಮರದ ಕೊಂಬೆಯನ್ನೂ ಕಿತ್ತು ತರುತ್ತದೆ. ಹೆಜ್ಜೇನು ಇದೆಯೇ ಎಂದು ನೋಡುವುದನ್ನು ನಾನು ಬೇರೆ ಹೇಳಬೇಕೇ?

ಮರದ ಎತ್ತರ ಅಳೆಯಲು ನಮ್ಮ ಹಿರಿಯರು ಕೋಲು ಬಳಸುತ್ತಿದ್ದರು. ಕೈ ಚಾಚಿದಾಗ ಕಣ್ಣಿನಿಂದ ಮುಷ್ಟಿಯವರೆಗೆ ಎಷ್ಟು ದೂರವೋ ಮುಷ್ಟಿಯ ಮೇಲೆ ಅಷ್ಟೇ ಉದ್ದ ಉಳಿಯುವಂತೆ ಕೋಲನ್ನು ನೆಟ್ಟಗೆ ಹಿಡಿದು, ಮುಷ್ಟಿ ಮರದ ಬುಡಕ್ಕೂ ಕೋಲಿನ ತುದಿ ಮರದ ನೆತ್ತಿಗೂ ಸರಿಹೊಂದುವವರೆಗೆ ಹಿಂದೆ ಹಿಂದೆ ಹೋಗಬೇಕು. ಸಮನೆಲದಲ್ಲಾದರೆ ನಿಂತಲ್ಲಿಂದ ಮರಕ್ಕೆ ಎಷ್ಟು ದೂರವೋ ಮರದ ಎತ್ತರ ಹೆಚ್ಚುಕಡಿಮೆ ಅಷ್ಟು.

ಗರಗಸದ ಹಲ್ಲು:

ಹಿರಿಯರು ಹೇಳಿದ ಕೋಲಿನ ಅಳತೆಯನ್ನೇ ಎರಡರಿಂದ ಗುಣಿಸಿ. ಮರ 25 ಮೀಟರ್ ಇದ್ದರೆ ಸುತ್ತ 50 ಮೀಟರಿನೊಳಗೆ ಕೆಲಸ ಮಾಡುವವರನ್ನು ಬಿಟ್ಟು ಯಾರೂ ಇರಬಾರದು, ಕಾಫಿ ಕುಯ್ಯುವವರಂತೂ ಇರಲೇಬಾರದು. ಓಡುವ ದಾರಿಯನ್ನು ಮೆಷಿನ್ ಸ್ಟಾರ್ಟ್ ಮಾಡುವ ಮೊದಲೇ ಕತ್ತಿಯಿಂದ ಬಿಡಿಸಿಟ್ಟುಕೊಳ್ಳಬೇಕು. ಅದು ಮರ ಬೀಳುವ ದಿಕ್ಕಿನ ನೇರ ಹಿಂದಕ್ಕಲ್ಲ, ಹಿಂದಕ್ಕೆ 45 ಡಿಗ್ರಿ ಓರೆಯಾಗಿ ಇರಬೇಕು, ಏಕೆಂದರೆ ಬೀಳುವ ಮರ ಬುಡವನ್ನು ನೇರ ಹಿಂದಕ್ಕೆ ಒದೆಯಬಹುದು.

ಕಚ್ಚು ಮತ್ತು ಕೀಲಿನ ಲೆಕ್ಕವನ್ನು ತರಬೇತಿಯಲ್ಲಿ ಕಲಿಸುತ್ತಾರೆ, ಆದರೂ ಬಾಯಿಪಾಠವಾಗಿರಲಿ. 40 ಸೆಂಟಿಮೀಟರ್ ದಪ್ಪದ ಮರಕ್ಕೆ ಮುಂದಿನ ಕಚ್ಚು 8ರಿಂದ 10 ಸೆಂಟಿಮೀಟರ್ ಆಳ, ಬಿಡಬೇಕಾದ ಕೀಲು 4 ಸೆಂಟಿಮೀಟರ್. ಮರವನ್ನು ಬೇಕಾದ ಕಡೆ ನಡೆಸುವುದು ಆ ಕೀಲೇ ಹೊರತು ಹಗ್ಗವಲ್ಲ. ಕಳೆದ ವರ್ಷ ನಿಮ್ಮಲ್ಲಿ ಅಡ್ಡ ತಿರುಗಿದ ಮರದ ಬೊಡ್ಡೆ ಇನ್ನೂ ಇದ್ದರೆ ಹೋಗಿ ನೋಡಿ. ಕೀಲಿನ ಒಂದು ಬದಿ ಪೂರ್ತಿ ಕೊಯ್ದು ಹೋಗಿರಬಹುದು ಎಂಬುದು ನನ್ನ ಅನುಮಾನ.

ಮೆಣಸಿನ ಬಳ್ಳಿ:

ಒಂದು ಸಣ್ಣ ಸೇರ್ಪಡೆ. ಸಿಲ್ವರ್ ಓಕ್ 1976ರ ವೃಕ್ಷ ಸಂರಕ್ಷಣಾ ಕಾಯ್ದೆಯಲ್ಲಿ ಕಡಿಯುವ ಅನುಮತಿಯಿಂದ ವಿನಾಯಿತಿ ಪಡೆದ ಜಾತಿಗಳ ಪಟ್ಟಿಯಲ್ಲಿದೆ, ಆದರೆ ಬೀಟೆ, ಹೊನ್ನೆಯಂಥವು ಇಲ್ಲ. ಎಳೆಯ ಬೀಟೆಯನ್ನು ಗುರುತಿಸದೆ ಸಾಲಿನೊಡನೆ ಕೊಯ್ದುಬಿಟ್ಟವರನ್ನು ಕಂಡಿದ್ದೇನೆ. ಜಾತಿ ಗುರುತಿಸುವುದೂ ಮೊದಲೇ ಬರಬೇಕಾದ ವಿದ್ಯೆ ಎಂದು ಬರೆದುಕೊಳ್ಳಿ.

ಮೂಡಿಗೆರೆ ತೋಟಗಾರ:

ಎಲ್ಲರಿಗೂ ಕೃತಜ್ಞತೆಗಳು. ಮೂರು ವಾರಗಳ ಬಳಿಕ ಬರೆಯುತ್ತಿದ್ದೇನೆ.

ಬೊಡ್ಡೆಯನ್ನು ನೋಡಿದೆ. ಬಲಬದಿಯಲ್ಲಿ ಕೀಲು ಎಂಬುದೇ ಇಲ್ಲ, ಕೊಯ್ತ ಕಚ್ಚಿನವರೆಗೂ ಹೋಗಿದೆ. ಎಡಬದಿಯಲ್ಲಿ ಮೂರು ಬೆರಳು ಅಗಲದ ನಾರು ಸಿಗಿದು ನಿಂತಿದೆ. ಮರ ಎಡಕ್ಕೇ ತಿರುಗಿತ್ತು. ವರ್ಷವಿಡೀ ಅದರ ಪಕ್ಕದಲ್ಲೇ ಓಡಾಡಿದ್ದೆ, ಒಮ್ಮೆಯೂ ಬಗ್ಗಿ ನೋಡಿರಲಿಲ್ಲ.

ಹುಡುಗರಲ್ಲಿ ಹಿರಿಯವನು ಮೆಷಿನ್ ಮೇಲೆ ಆಸೆ ಇಟ್ಟುಕೊಂಡಿದ್ದವನು, ಅರದ ಕೆಲಸ ಮೂರನೆಯ ದಿನಕ್ಕೇ ಸಾಕಾಯಿತು ಎಂದ. ನಾನು ಒತ್ತಾಯಿಸಲಿಲ್ಲ, ಅವನು ಹಗ್ಗ ಮತ್ತು ಬೆಣೆಯ ಕೆಲಸಕ್ಕಿರಲಿ ಎಂದುಕೊಂಡಿದ್ದೇನೆ. ಕಿರಿಯವನು ಮಾತ್ರ ಸಂಜೆ ಹೊತ್ತು ಲೈನ್ ಮನೆಯ ಜಗಲಿಯಲ್ಲಿ ಬಾರನ್ನು ಬೆಣೆಗಳ ನಡುವೆ ಸಿಕ್ಕಿಸಿಟ್ಟುಕೊಂಡು ಕೂರುತ್ತಾನೆ. ನಮ್ಮ 18 ಇಂಚಿನ ಬಾರಿನ ಚೈನಿನಲ್ಲಿ 36 ಹಲ್ಲುಗಳಿವೆ, ಎಡಕ್ಕೆ 18, ಬಲಕ್ಕೆ 18. ಮೊದಲ ವಾರ ಅವನು ಕೊಯ್ದ ದಿಮ್ಮಿಯ ಮುಖ ಎಡಕ್ಕೆ ಓರೆಯಾಗಿತ್ತು. ಎಣಿಸಿ ಹಾಕು ಎಂದೆ, ಎಣಿಸಿಯೇ ಹಾಕಿದ್ದೇನೆ ಎಂದ. ಎರಡು ಬದಿಯ ಹಲ್ಲುಗಳನ್ನು ಸ್ಕೇಲ್ ಇಟ್ಟು ಅಳೆದಾಗ ಒಂದು ಮಿಲಿಮೀಟರಿನಷ್ಟು ವ್ಯತ್ಯಾಸ ಕಂಡಿತು. ಅಂದಿನಿಂದ ಅವನು ಉದ್ದವಿದ್ದ ಬದಿಗೆ ಎರಡು ಸಲ ಹೆಚ್ಚು ಹಾಕುತ್ತಾ ಬಂದ.

ನಿನ್ನೆ ಒಂದು ಹಳೆಯ ಅಕೇಶಿಯಾ ದಿಮ್ಮಿಯನ್ನು ಎರಡು ಕಲ್ಲುಗಳ ಮೇಲಿಟ್ಟು ಕೊಟ್ಟೆ. ಅವನು ಅದರ ಸುತ್ತ ಒಮ್ಮೆ ಬಂದು, ಮೇಲ್ಭಾಗದಲ್ಲಿ ಸುಣ್ಣದಿಂದ ಒಂದು ಗೆರೆ, ಕೆಳಗೆ ಎರಡು ಗೆರೆ ಎಳೆದು, ಮೇಲಿನಿಂದ ನಾಲ್ಕು ಬೆರಳು ಕೊಯ್ದು ನಿಲ್ಲಿಸಿ, ಬ್ರೇಕ್ ಹಾಕಿ ಜಾಗ ಬದಲಿಸಿ, ಕೆಳಗಿನಿಂದ ಮುಗಿಸಿದ. ದಿಮ್ಮಿ ಎರಡಾಗಿ ಕಲ್ಲಿನ ಪಕ್ಕಕ್ಕೆ ಉರುಳಿತು. ಕೊಯ್ದ ಮುಖದ ಮೇಲೆ ಸ್ಕೇಲ್ ಇಟ್ಟು ನೋಡಿದೆವು, ಬೆಳಕು ನುಸುಳಲಿಲ್ಲ. ಬರುವ ಸೋಮವಾರ ಅವನನ್ನು ತರಬೇತಿಗೆ ಕಳುಹಿಸುತ್ತಿದ್ದೇನೆ. ಚಾಪ್ಸ್ ನಾಳೆ ಬರುತ್ತದೆ.